ಪಹಣಿಯ ಒಂಬತ್ತನೇ ಕಾಲಂ

ಡೇಟಾಬೇಸ್ ಕ್ಲಾಸ್‌ನಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದು ನೆನಪಿದೆ ಅಲ್ವಾ? ಟೇಬಲ್‌ನಲ್ಲಿ ಒಂದು ಎಂಟ್ರಿ ತಪ್ಪಿದ್ದರೆ, ಅದರ ಮೇಲೆ ಓಡಿಸೋ ಪ್ರತಿಯೊಂದು ಕ್ವೆರಿಯೂ ಸರಿಯಾಗೇ ಓಡಿ ತಪ್ಪು ಉತ್ತರ ಕೊಡುತ್ತೆ. ಇದು ನಿಜವಾಗಿ ಅರ್ಥ ಆಗಿದ್ದು ಲ್ಯಾಬ್‌ನಲ್ಲಿ ಅಲ್ಲ. ಸೆಮಿಸ್ಟರ್ ರಜೆಯಲ್ಲಿ, ತುಮಕೂರು ಕಡೆಯ ನಮ್ಮ ಅಜ್ಜಿ ಊರಲ್ಲಿ.

ಅಜ್ಜಿ ಹೊಲಕ್ಕೆ ಕೃಷಿ ಹೊಂಡ ತೋಡಿಸಬೇಕು ಅಂತ ಬಹಳ ದಿನದಿಂದ ಹೇಳ್ತಾ ಇದ್ದರು. ಸಬ್ಸಿಡಿಗೆ ಅರ್ಜಿ ಹಾಕೋಣ ಅಂತ ನಾನೇ ಹುರುಪಿನಲ್ಲಿ ಕರೆದುಕೊಂಡು ಹೋದೆ. ಕೌಂಟರ್‌ನಲ್ಲಿ ಕೇಳಿದ್ದು ಒಂದೇ ಮಾತು: "ಪಹಣಿ ಯಾರ ಹೆಸರಲ್ಲಿದೆ?" ತಾತ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಪಹಣಿಯಲ್ಲಿ ಇನ್ನೂ ಅವರೇ ಇದ್ದಾರೆ. ಪಕ್ಕದಲ್ಲಿ ನಿಂತಿರೋ ಅಜ್ಜಿ, ಐವತ್ತು ವರ್ಷ ಅದೇ ಹೊಲದಲ್ಲಿ ಕಳೆ ಕಿತ್ತವರು, ಆ ಕಾಗದದಲ್ಲಿ ಎಲ್ಲೂ ಇಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಪಹಣಿ ಓದೋಕೇ ಅರ್ಧ ದಿನ ಹಿಡೀತು. ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದರಲ್ಲಿ ಸಾಲ ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿದಾರರು ಮತ್ತು ಬೆಳೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್‌ಗೆ ಹೋದವು. ದೇಶವೇ ತಿರುಗಿ ನೋಡಿದ ಕೆಲಸ ಅದು. ಆದರೆ ಸಾಫ್ಟ್‌ವೇರ್ ಹಳೇ ಪುಸ್ತಕದಲ್ಲಿ ಇದ್ದದ್ದನ್ನ ಎತ್ತಿಕೊಳ್ಳುತ್ತೆ, ಇಲ್ಲದ್ದನ್ನ ಹುಡುಕಲ್ಲ. ಪುಸ್ತಕದಲ್ಲಿ ಹೆಂಗಸರ ಹೆಸರು ಇರದಿದ್ದರೆ ಸ್ಕ್ರೀನ್‌ನಲ್ಲೂ ಇಲ್ಲ.

ಗ್ರಾಮೀಣ ಭಾರತದಲ್ಲಿ ದುಡಿಯೋ ಹೆಂಗಸರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಮೂವರು ಕೃಷಿಯಲ್ಲೇ ಇದ್ದಾರೆ. 2015-16ರ ಕೃಷಿ ಗಣತಿ ಪ್ರಕಾರ ಹಿಡುವಳಿದಾರರಲ್ಲಿ ಹೆಂಗಸರು ಶೇ. 13.87 ಮಾತ್ರ. ಅದಕ್ಕೆ ಐದು ವರ್ಷ ಮುಂಚೆ 12.79 ಇತ್ತು. ಈ ಸ್ಪೀಡಲ್ಲಿ ಹೋದರೆ ಅರ್ಧಕ್ಕೆ ಮುಟ್ಟೋದು ಯಾವಾಗ ಅಂತ ನೀವೇ ಲೆಕ್ಕ ಹಾಕಿ. ಬೆಳೆ ಸಾಲ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಬೆಳೆ ಪರಿಹಾರ, ಡ್ರಿಪ್ ಸಬ್ಸಿಡಿ, ಎಲ್ಲಾ ಕ್ವೆರಿಗಳೂ ಓಡೋದು ಆ ಭೂದಾಖಲೆಯ ಮೇಲೆಯೇ.

ಸರಿ, ಇದಕ್ಕೂ ಸುಸ್ಥಿರ ಕೃಷಿಗೂ ಏನು ಸಂಬಂಧ? ನಾನೂ ಮೊದಲು ಇವೆರಡೂ ಬೇರೆ ಬೇರೆ ಸೆಮಿನಾರ್ ಟಾಪಿಕ್ ಅಂದ್ಕೊಂಡಿದ್ದೆ.

ಅಜ್ಜಿ ರಾಗಿ ಹೊಲದಲ್ಲಿ ಬರೀ ರಾಗಿ ಇರಲ್ಲ. ಕೆಲವು ಸಾಲು ರಾಗಿ ಆದಮೇಲೆ ಒಂದು ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಅಂಚಲ್ಲಿ ಒಂದಿಷ್ಟು ಹರಳು. ಅವರೆ, ತೊಗರಿ, ಅಲಸಂದೆಯ ಬೇರಿನ ಗಂಟಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿಯುತ್ತೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತೆ. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿ ಉಳೀಬಹುದು. ಯಾವ ಅವರೆ ಬೀಜಕ್ಕಿಡಬೇಕು, ಯಾವುದು ಸಾರಿಗೆ ಅಂತ ಆರಿಸೋದು, ಬೂದಿ ಹಾಕಿ ಮಡಕೆಯಲ್ಲಿಡೋದು ಎಲ್ಲಾ ಅಜ್ಜಿ ಕೆಲಸ. ಮಾಮನಿಗೆ ಆ ಮಡಕೆ ಎಲ್ಲಿದೆ ಅಂತಾನೂ ಗೊತ್ತಿಲ್ಲ (ನನಗೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ).

ಆದರೆ ಮಣ್ಣಿನ ಮೇಲೆ ಹಾಕಿದ ಶ್ರಮ ಅದೇ ವರ್ಷ ವಾಪಸ್ ಬರಲ್ಲ. ಬದು ಹಾಕೋದು, ಕೊಟ್ಟಿಗೆ ಗೊಬ್ಬರ ಹೊಡೆಯೋದು, ಹೊಂಗೆ ನೆಡೋದು, ಎಲ್ಲದರ ಪೇಬ್ಯಾಕ್ ಪೀರಿಯಡ್ ಹಲವು ವರ್ಷ. ಮುಂದಿನ ವರ್ಷ ಈ ಹೊಲ ನನ್ನ ಕೈಲಿರುತ್ತೋ ಇಲ್ಲವೋ ಅಂತ ಗೊತ್ತಿಲ್ಲದವರು ಯಾಕೆ ಮಾಡ್ತಾರೆ? ಗೋಲ್ಡ್‌ಸ್ಟೀನ್ ಮತ್ತು ಉಡ್ರಿ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಘಾನಾದ ಅಕ್ವಾಪಿಮ್ ಕಡೆ ಮೆಕ್ಕೆಜೋಳ, ಮರಗೆಣಸು ಬೆಳೆಯೋ ರೈತರ ಹೊಲಗಳನ್ನ ನೋಡಿ 2008ರಲ್ಲಿ ಬರೆದದ್ದು ಇದನ್ನೇ. ಅಲ್ಲಿ ಮಣ್ಣು ಚೇತರಿಸಿಕೊಳ್ಳಬೇಕಾದರೆ ಹೊಲವನ್ನ ಕೆಲವು ವರ್ಷ ಬೀಳು ಬಿಡಬೇಕು. ಊರಿನ ಅಧಿಕಾರದಲ್ಲಿ ಸ್ಥಾನ ಇದ್ದವರು ಧೈರ್ಯವಾಗಿ ಬಿಡ್ತಾರೆ. ಅಂಥ ಹಿಡಿತ ಇಲ್ಲದವರು, ಅದರಲ್ಲೂ ಹೆಂಗಸರು, ಬೀಳು ಬಿಟ್ಟರೆ ಜಮೀನೇ ಕೈತಪ್ಪುತ್ತೆ ಅಂತ ಬೇಗ ಬೇಗ ಉಳ್ತಾರೆ. ಇಳುವರಿ ಕುಸಿಯುತ್ತೆ. ಅವರಿಗೆ ಮಣ್ಣಿನ ಬಗ್ಗೆ ತಿಳುವಳಿಕೆ ಕಡಿಮೆ ಅಂತ ಅಲ್ಲ, ಹಕ್ಕು ಗಟ್ಟಿ ಇಲ್ಲ ಅಂತ.

ಕಾನೂನು ಏನು ಹೇಳುತ್ತೆ? ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನ ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ನಮ್ಮ ಮನೆ ಲೆಕ್ಕ ಇನ್ನೂ ಸುಲಭ. ಆ ನಾಲ್ಕು ಎಕರೆ ತಾತನ ಸ್ವಂತ ಸಂಪಾದನೆ, ವಿಲ್ ಬರೆದಿಲ್ಲ. ಅಜ್ಜಿ, ದೊಡ್ಡಮ್ಮ, ಅಮ್ಮ, ಮಾಮ: ತಲಾ ಒಂದು ಎಕರೆ.

ಇದನ್ನ ಊಟದ ಹೊತ್ತಲ್ಲಿ ಹೇಳಿದೆ. ಹೇಳಬಾರದಿತ್ತೇನೋ. ಮಾಮ ಒಂದು ಹಕ್ಕು ಬಿಡುಗಡೆ ಪತ್ರ ರೆಡಿ ಮಾಡಿಸಿ ಇಟ್ಟಿದ್ದರು ಅಂತ ಗೊತ್ತಾಗಿದ್ದೇ ಆಗ. ದೊಡ್ಡಮ್ಮ, ಅಮ್ಮ ಸೈನ್ ಹಾಕಿದರೆ ಬೋರ್ ಕೊರೆಸಿ ಪೂರ್ತಿ ಅಡಿಕೆ ಹಾಕೋ ಪ್ಲಾನ್. ಮಾಮ ಕೆಟ್ಟವರಲ್ಲ. ಇಬ್ಬರ ಮದುವೆಗೂ ಸಾಲ ಮಾಡಿ ತೀರಿಸಿದವರು ಅವರೇ. "ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತೀನಲ್ಲ" ಅಂದರು. ದೊಡ್ಡಮ್ಮ ಹೂಂ ಅಂದರು, ತವರು ಉಳಿದರೆ ಸಾಕು ಅಂತ. ಪಾಲು ಕೇಳಿದರೆ ಹಬ್ಬಕ್ಕೆ ಕರೆಯೋರು ಇರಲ್ಲ ಅನ್ನೋ ಭಯ ಯಾವ ಸೆಕ್ಷನ್‌ನಲ್ಲೂ ಬರೆದಿಲ್ಲ. ಬಿಟ್ಟುಕೊಟ್ಟ ಮೇಲೆ ಅಕ್ಕಡಿ ಸಾಲು ಇರಲಿ ಅಂತ ಹೇಳೋಕೆ ಅಜ್ಜಿಗೆ ಯಾವ ಅಧಿಕಾರ ಉಳಿಯುತ್ತೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಮೊದಲು ನಮ್ಮಮ್ಮನ ಹೆಸರು ಪಹಣಿಲಿ ಬರ್ಲಿ ಕಣೋ. ಸೈನ್ ಆಮೇಲೆ ನೋಡೋಣ" ಅಂದರು.

ಪೌತಿ ಖಾತೆಗೆ ಬೇಕಾಗೋದು ಹೆಚ್ಚೇನಿಲ್ಲ: ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಅರ್ಜಿ. ಅರ್ಜಿ ನಾನೇ ತುಂಬಿಸಿದೆ, ಎರಡು ಕಡೆ ಒತ್ತಕ್ಷರ ತಪ್ಪಿ ಮತ್ತೆ ಬರೆದೆ. ವಾರಸುದಾರರ ಪಟ್ಟಿಯಲ್ಲಿ ಅಜ್ಜಿ ಹೆಸರು ಮೊದಲು, ನಂತರ ಮೂವರು ಮಕ್ಕಳದ್ದೂ. ಸಹಿ ಬರುತ್ತೆ ಅಂತ ಹಠ ಹಿಡಿದು ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನಕ್ಕೆ ನಾಲ್ಕು ಅಕ್ಷರ ಬರೆದರು.

ಅರ್ಜಿ ಕೊಟ್ಟು ಮೂರು ವಾರ ಆಯ್ತು. ಮಾಮ ಅಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ. ಅಜ್ಜಿ ಮಾತ್ರ ಮೊನ್ನೆ ಮಾಡಿದ್ದರು, ಈ ಸಲ ಅವರೆ ಬೀಜ ಜಾಸ್ತಿ ಇಟ್ಟಿದ್ದೀನಿ, ಬಿತ್ತೋಕೆ ಬರ್ತೀಯಾ ಅಂತ ಕೇಳೋಕೆ.