ಸ್ಪಿನ್‌ಗೆ ಬಂದರೆ ನಡೆದಾಡುವ ವಾಷಿಂಗ್ ಮೆಷಿನ್

ಪ್ರಶ್ನೆ: ಮೂರು ತಿಂಗಳ ಹಿಂದೆ ದಾವಣಗೆರೆಯಿಂದ ಬೆಂಗಳೂರಿಗೆ ಮನೆ ಬದಲಾಯಿಸಿದೆವು. ನಮ್ಮ ಏಳು ಕಿಲೋ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಅಲ್ಲಿ ಐದು ವರ್ಷ ತಕರಾರಿಲ್ಲದೆ ನಡೆದಿತ್ತು. ಇಲ್ಲಿ ಸ್ಪಿನ್‌ಗೆ ಬಂದರೆ ಸಾಕು, ಗಡಗಡ ಅಂತ ಯುಟಿಲಿಟಿಯಿಂದ ಅಡುಗೆಮನೆ ಬಾಗಿಲವರೆಗೆ ತಾನೇ ಬರುತ್ತದೆ. ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ರಿಪೇರಿಯವರು ನೋಡಿ, ಡ್ರಮ್ಮೇ ಹೋಗಿದೆ, ಒಂಬತ್ತು ಸಾವಿರ ಆಗುತ್ತದೆ ಎಂದರು. ಕೊಡಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈಗಲೇ ಕೊಡಬೇಡಿ. ಐದು ವರ್ಷ ಸುಮ್ಮನಿದ್ದ ಮೆಷಿನ್ ಮನೆ ಬದಲಾದ ಕೂಡಲೇ ಕುಣಿಯತೊಡಗಿತು ಎಂದರೆ, ಮೊದಲು ಅನುಮಾನಪಡಬೇಕಾದದ್ದು ಮನೆಯನ್ನು. ಆಮೇಲೆ ಸಾಗಣೆಯನ್ನು. ಡ್ರಮ್ಮಿನ ಸರದಿ ಕೊನೆಗೆ.

ನೀವು ಸ್ಟ್ಯಾಂಡ್ ವಿಷಯ ಬರೆದಿಲ್ಲ. ಚಕ್ರದ ಸ್ಟ್ಯಾಂಡ್ ಮೇಲೆ ಇಟ್ಟಿದ್ದರೆ ಇಳಿಸಿಬಿಡಿ. ಗುಡಿಸಲು, ಒರೆಸಲು ಅನುಕೂಲವೆಂದು ಅಂಗಡಿಯವರು ಮೆಷಿನ್ ಜೊತೆಗೇ ಅಂಟಿಸುವ ಸಾಮಾನು ಅದು. ಫ್ರಂಟ್ ಲೋಡ್ ಮೆಷಿನ್‌ಗೆ ಅದರಷ್ಟು ಶತ್ರು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನೆಲ. ಬೆಂಗಳೂರಿನ ಬಾಡಿಗೆ ಮನೆಗಳ ಯುಟಿಲಿಟಿಯಲ್ಲಿ ನೀರು ಹರಿದುಹೋಗಲೆಂದು ಮೇಸ್ತ್ರಿ ಬೇಕೆಂದೇ ಇಳಿಜಾರು ಕೊಟ್ಟಿರುತ್ತಾನೆ. ಅವನ ಕೆಲಸ ಸರಿಯಾಗಿಯೇ ಇದೆ. ಆದರೆ ದಾವಣಗೆರೆಯ ನೆಲಕ್ಕೆ ಹೊಂದಿಸಿದ್ದ ನಾಲ್ಕು ಕಾಲುಗಳು ಈ ಇಳಿಜಾರಿಗೆ ಕೂರುವುದಿಲ್ಲ. ಮೂರು ಕಾಲು ನೆಲ ಮುಟ್ಟಿ ನಾಲ್ಕನೆಯದು ಕೂದಲೆಳೆಯಷ್ಟು ಎದ್ದಿದ್ದರೂ ಸಾಕು, ಸ್ಪಿನ್‌ನಲ್ಲಿ ಮೆಷಿನ್ ಆ ಮೂಲೆಯಿಂದ ಈ ಮೂಲೆಗೆ ಕುಟ್ಟುತ್ತಾ ಹೊರಡುತ್ತದೆ. ಮೇಲಿನ ಎದುರುಬದುರು ಮೂಲೆಗಳ ಮೇಲೆ ಒಂದೊಂದು ಕೈಯಿಟ್ಟು ಒತ್ತಿ ನೋಡಿ. ಕಟಕಟ ಅಂದರೆ ತಪ್ಪಿತಸ್ಥ ಸಿಕ್ಕ ಹಾಗೆ.

ಸರಿಪಡಿಸಲು ಒಂದು ಸ್ಪ್ಯಾನರ್, ಜೊತೆಗೆ ಇನ್ನೊಬ್ಬರು ಬೇಕು. ಪ್ಲಗ್ ಕಿತ್ತು, ನಲ್ಲಿ ಬಂದ್ ಮಾಡಿ. ಒಬ್ಬರು ಮೆಷಿನ್ನನ್ನು ತುಸು ಹಿಂದಕ್ಕೆ ವಾಲಿಸಿ ಹಿಡಿದಿರಲಿ, ಇನ್ನೊಬ್ಬರು ಕಾಲನ್ನು ತಿರುಗಿಸಲಿ. ಕಾಲುಗಳು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು, ಎತ್ತರ ಬೇಕಾದ ಮೂಲೆಯದ್ದನ್ನು ಮಾತ್ರ ಇಳಿಸಿ. ಮೇಸ್ತ್ರಿಯ ರಸಮಟ್ಟ ಸಿಕ್ಕರೆ ಮೇಲಿಟ್ಟು ನೋಡಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿರುವ ಮಟ್ಟ ನೋಡುವ ಆ್ಯಪ್ ಸಾಕು. ಮಟ್ಟ ಬಂದ ಮೇಲೆ ಕಾಲಿನ ಮೇಲಿರುವ ಲಾಕ್ ನಟ್ಟನ್ನು ಮೆಷಿನ್ನಿನ ತಳಕ್ಕೆ ಒತ್ತುವ ಹಾಗೆ ಬಿಗಿ ಮಾಡಲೇಬೇಕು. ಎಷ್ಟೋ ಜನ ಇದನ್ನೇ ಮರೆಯುತ್ತಾರೆ. ನಟ್ ಸಡಿಲವಿದ್ದರೆ ಅದುರಿಗೆ ಕಾಲು ತಾನಾಗಿ ತಿರುಗಿ, ತಿಂಗಳೊಳಗೆ ಮತ್ತೆ ಅದೇ ಕಥೆ. ಕಾಲಿನಡಿ ರಟ್ಟು, ಗೋಣಿಚೀಲ ಮಡಿಸಿ ಇಡುವುದು ಬೇಡ, ನೆನೆದು ಕುಸಿಯುತ್ತದೆ. ರಬ್ಬರ್ ಪ್ಯಾಡ್ ಹಾಕಿದರೆ ಟೈಲ್ಸ್ ಮೇಲೆ ಜಾರುವುದು ತಪ್ಪಿ ಕೆಳಗಿನವರಿಗೆ ಸದ್ದು ಕಡಿಮೆಯಾದೀತು. ಮಟ್ಟ ತಪ್ಪಿದ್ದರೆ ಅದೂ ನಿಷ್ಪ್ರಯೋಜಕ.

ಸಾಗಣೆಯ ವಿಷಯಕ್ಕೆ ಬರೋಣ. ಹೊಸ ಫ್ರಂಟ್ ಲೋಡ್ ಮೆಷಿನ್ ಬರುವಾಗ ಡ್ರಮ್ ಅಲುಗದಂತೆ ಹಿಂಬದಿಯಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟ್ ಹಾಕಿರುತ್ತಾರೆ. ಮನೆಗೆ ತಂದು ಕೂರಿಸುವಾಗ ಅವನ್ನು ಬಿಚ್ಚಿ ತೂತಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ನಿಮ್ಮ ಸಾಮಾನು ಸಾಗಿಸಿದವರು ಜಾಣರಾಗಿದ್ದು ಆ ಬೋಲ್ಟ್‌ಗಳನ್ನು ಮತ್ತೆ ಹಾಕಿ, ಇಲ್ಲಿ ಬಿಚ್ಚದೆ ಹೋದರೇ? ಹಿಂಬದಿ ಒಮ್ಮೆ ಇಣುಕಿ ನೋಡಿ. ಬೋಲ್ಟ್ ಇದ್ದರೆ ಡ್ರಮ್ ಸ್ಪ್ರಿಂಗ್ ಮೇಲೆ ತೂಗುವ ಬದಲು ಮೈಗೆ ಕಟ್ಟಿಹಾಕಿದಂತಿರುತ್ತದೆ, ಇಡೀ ಮೆಷಿನ್ನೇ ಹಾರುತ್ತದೆ. ಬೋಲ್ಟ್ ಹಾಕದೆಯೇ 260 ಕಿಲೋಮೀಟರ್ ಲಾರಿಯಲ್ಲಿ ತಂದಿದ್ದರೆ ಬೇರೆ ತೊಂದರೆ: ಡ್ರಮ್ ದಾರಿಯುದ್ದಕ್ಕೂ ಹೊಯ್ದಾಡಿ ಅದರಡಿಯ ಡ್ಯಾಂಪರ್‌ಗಳು, ಅಂದರೆ ಶಾಕ್ ಅಬ್ಸಾರ್ಬರ್‌ಗಳು ಸೋತಿರಬಹುದು. ಬಾಗಿಲು ತೆಗೆದು ಡ್ರಮ್ಮನ್ನು ಕೆಳಕ್ಕೆ ಒತ್ತಿ ಬಿಡಿ. ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಪುಟಿದರೆ ಡ್ಯಾಂಪರ್ ಬದಲಿಸಬೇಕು. ಡ್ರಮ್ ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

ಒದ್ದೆ ಬಟ್ಟೆಗೆ ಇಷ್ಟು ಬಲ ಎಲ್ಲಿಂದ ಬಂತು ಎನ್ನುವಿರಾ? ಹೊಲ ಕಾಯುವವರು ಕವಣೆ ಬೀಸುವುದನ್ನು ನೋಡಿದ್ದರೆ ಗೊತ್ತಿರುತ್ತದೆ, ಕಲ್ಲು ಸಣ್ಣದಾದರೂ ಸುತ್ತುವಾಗ ಕೈಯನ್ನು ಜಗ್ಗುತ್ತದೆ. ವೇಗ ಎರಡರಷ್ಟಾದರೆ ಜಗ್ಗು ನಾಲ್ಕರಷ್ಟು. ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗುವಾಗ ಒಂದು ಪಕ್ಕದಲ್ಲಿ ಅರ್ಧ ಕಿಲೋ ಹೆಚ್ಚಿದ್ದರೆ, ಅದು ಸುಮಾರು 200 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಸೆಳೆಯುತ್ತದೆ. ಎರಡು ಕ್ವಿಂಟಲ್! ಇದನ್ನು ತಾಳಿಕೊಳ್ಳಲೆಂದೇ ಫ್ರಂಟ್ ಲೋಡ್ ಮೆಷಿನ್ನಿನೊಳಗೆ ಕಾಂಕ್ರೀಟಿನ ದಿಂಡು ಕಟ್ಟಿರುತ್ತಾರೆ. ಎತ್ತುವಾಗ ಇಬ್ಬರು ಆಳು ಏದುಸಿರು ಬಿಡುವುದು ಆ ಕಾಂಕ್ರೀಟಿನಿಂದಲೂ ಹೌದು.

ಸ್ಪಿನ್ ಶುರುವಿನಲ್ಲಿ ಕೆಲವು ಸೆಕೆಂಡ್ ಅಲುಗಿ ಆಮೇಲೆ ತಣ್ಣಗಾದರೆ ಗಾಬರಿ ಬೇಡ. ನಾಗರ ಪಂಚಮಿಯ ಜೋಕಾಲಿಗೆ ಅದರದೇ ಒಂದು ಲಯವಿರುವಂತೆ, ಸ್ಪ್ರಿಂಗಿಗೆ ತೂಗುವ ಡ್ರಮ್ಮಿಗೂ ಒಂದು ಲಯವಿದೆ. ವೇಗ ಆ ಲಯವನ್ನು ಹಾದುಹೋಗುವ ಕ್ಷಣದಲ್ಲಿ ತೂಗಾಟ ಜೋರಾಗಿರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಇಳಿಯದೆ ವೇಗದ ಜೊತೆ ಏರುತ್ತಲೇ ಹೋದರೆ ಅದು ರೋಗ.

ಬಟ್ಟೆ ಹಾಕುವ ರೀತಿಯೂ ಮುಖ್ಯ. ತುಂಬಿಸಿದರೆ ತೊಂದರೆ ಎಂದು ಎಲ್ಲರಿಗೂ ಗೊತ್ತು, ಕಡಿಮೆ ಹಾಕಿದರೂ ತೊಂದರೆ ಎಂದು ಅನೇಕರಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಮ್ಮೆ ರಬ್ಬರ್ ತಳದ ಕಾಲೊರಸು ಒಂದನ್ನೇ ಹಾಕಿದ್ದೆವು. ಕಾವಲಿಗೆ ಹತ್ತಿದ ದೋಸೆಯಂತೆ ಒಂದು ಪಕ್ಕಕ್ಕೆ ಅಂಟಿಕೊಂಡಿತು. ಮೆಷಿನ್ ಹತ್ತು ನಿಮಿಷ ಅತ್ತಿತ್ತ ತಿರುಗಿಸಿ, ಸಮ ಮಾಡಲಾಗದೆ ಕೈಚೆಲ್ಲಿ ನಿಂತುಬಿಟ್ಟಿತು. ಒಂದು ಜಮಖಾನೆ, ಒಂದು ಜೀನ್ಸ್ ಇದ್ದರೆ ಜೊತೆಗೆ ನಾಲ್ಕಾರು ಟವೆಲ್, ಅಂಗಿ ಹಾಕಿ. ಸೀರೆ, ಪಂಚೆ ಹಗ್ಗದಂತೆ ಹೊಸೆದುಕೊಂಡಿದ್ದರೆ ನಿಲ್ಲಿಸಿ ಬಿಡಿಸಿ. ರೇನ್‌ಕೋಟು, ನೀರು ಇಳಿಯದ ಹಾಸಿಗೆ ಕವರು ಸ್ಪಿನ್‌ಗೆ ಬೇಡವೇ ಬೇಡ, ಮಡಿಕೆಯಲ್ಲಿ ನೀರು ನಿಂತು ತೂಕ ಒಂದೇ ಕಡೆ ಸೇರುತ್ತದೆ. ಅದುರಾಟ ಅಂದರೆ ಬರೀ ಸದ್ದಿನ ಕಿರಿಕಿರಿಯಲ್ಲ. 2016ರಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ತನ್ನ ಸುಮಾರು 28 ಲಕ್ಷ ಟಾಪ್ ಲೋಡ್ ಮೆಷಿನ್‌ಗಳನ್ನು ಹಿಂಪಡೆಯುವುದಾಗಿ ಘೋಷಿಸಬೇಕಾಯಿತು. ಜೋರು ಸ್ಪಿನ್‌ನ ಅದುರಾಟಕ್ಕೆ ಮೇಲ್ಭಾಗವೇ ಕಳಚಿಬರುವ ಅಪಾಯವಿತ್ತು.

ಟಾಪ್ ಲೋಡ್ ಇರುವವರಿಗೆ ಇಷ್ಟು: ಡ್ರಮ್ ನಾಲ್ಕು ಮೂಲೆಯ ಸಸ್ಪೆನ್ಷನ್ ರಾಡ್‌ಗಳಿಗೆ ನೇತಾಡುತ್ತಿರುತ್ತದೆ, ಒಂದು ಸೋತರೆ ಡ್ರಮ್ ಆ ಕಡೆಗೆ ವಾಲಿ ಬಾಡಿಗೆ ಬಡಿಯುತ್ತದೆ. ಸೆಮಿ ಆಟೊಮ್ಯಾಟಿಕ್‌ನವರು ಸ್ಪಿನ್ ಡಬ್ಬಿಯೊಳಗೆ ಬಟ್ಟೆ ಮೇಲೆ ಒತ್ತಿ ಇಡುವ ಪುಟ್ಟ ಮುಚ್ಚಳವನ್ನು ಎಲ್ಲೋ ಕಳೆದಿರುತ್ತಾರೆ. ಹುಡುಕಿ.

ಕೊನೆಗೆ ಡ್ರಮ್. ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಬೀಸುವ ಕಲ್ಲಿನಂತೆ ಗರಗರ ಅಂದರೆ, ಅಂಚು ಹಿಡಿದು ಎತ್ತಿದಾಗ ಒಳಡ್ರಮ್ ಮಾತ್ರ ಲೊಡಲೊಡ ಆಡಿದರೆ ಬೇರಿಂಗ್ ಸವೆದಿದೆ. ಆಗ ರಿಪೇರಿಯವರ ಮಾತು ನಂಬಬಹುದು. ಈ ಎರಡೂ ಇಲ್ಲದಿದ್ದರೆ, ಕಾಲು ಸರಿಮಾಡಿದ ಮೇಲೆ ಬಟ್ಟೆಯಿಲ್ಲದೆ ಒಂದು ಸ್ಪಿನ್ ಓಡಿಸಿ. ಖಾಲಿ ಮೆಷಿನ್ ಮಿಸುಕದೆ ತಿರುಗಿದರೆ ನಿಮ್ಮ ಒಂಬತ್ತು ಸಾವಿರ ಉಳಿಯಿತು. ಆಮೇಲೂ ನಡೆದು ಬಂದರೆ, ಬಾಗಿಲು ತೆಗೆದು ಒತ್ತಿದಾಗ ಡ್ರಮ್ ಎಷ್ಟು ಸಲ ಪುಟಿಯಿತು ಎಂಬುದನ್ನು ಬರೆದು ಕಳಿಸಿ.