ಜಿಮ್ನಿಗೆ ಸ್ಪೇಸರ್ ಹಾಕಿಸುವ ಮುನ್ನ

ಪುಟ್ಟಿ,

ಮಳೆ ಹಿಡಿಯುವ ಮೊದಲೇ ತೋಟದ ಅಗಳು ತೆಗೆಸುವ ಕೆಲಸ ನಡೆದಿದೆ. ಮೊನ್ನೆ ನೀನು ಫೋನಿನಲ್ಲಿ ಕೇಳಿದೆಯಲ್ಲ, "ಮಾವ, ಜಿಮ್ನಿಗೆ 30 ಎಂಎಂ ಸ್ಪೇಸರ್ ಹಾಕಿಸ್ಲಾ, ಬೇಡ್ವಾ?" ಅಂತ. ಹೂಂ ಅಥವಾ ಊಹೂಂ ಅಂದು ಮುಗಿಸುವ ವಿಷಯ ಅದಲ್ಲ. ನಿನ್ನ ಹಾಗೆ ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸಕಲೇಶಪುರದ ಗುಡ್ಡ ಹತ್ತಲು ಬರುವ ಹುಡುಗ ಹುಡುಗಿಯರೆಲ್ಲ ಗರಾಜುಗಳಲ್ಲಿ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಅವರಿಗೂ ತಲುಪಲಿ ಎಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ಸ್ಪೇಸರ್ ಎಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಕೂರಿಸುವ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ. ಅದು ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಬರುತ್ತದೆ. ಎರಡೂ ಕಡೆ 30 ಮಿಲಿಮೀಟರ್ ಹಾಕಿದರೆ ಎಡ ಬಲ ಚಕ್ರಗಳ ನಡುವಿನ ಅಂತರ 60 ಹೆಚ್ಚುತ್ತದೆ. ನಿನ್ನ ಗಾಡಿಯಲ್ಲಿ ಈ ಅಂತರ ಮುಂದೆ 1395, ಹಿಂದೆ 1405. ಲೆಕ್ಕ ಸುಲಭವಾಗಲಿ ಎಂದು 1400 ಎಂದೇ ಹಿಡಿಯೋಣ.

ಅಗಲವಾದಷ್ಟೂ ಗಾಡಿ ಭದ್ರ ಎನ್ನುವುದು ಸುಳ್ಳಲ್ಲ. ಮಾರುತಿಯವರದೇ ಹಳೆಯ ಗಾಡಿ ಜಿಪ್ಸಿಯ ಚರಿತ್ರೆಯೇ ಅದಕ್ಕೆ ಸಾಕ್ಷಿ. 1985ರಲ್ಲಿ ಬಂದ ಮೊದಲ ಜಿಪ್ಸಿ ತೀರಾ ಕಿರಿದಾಗಿತ್ತು. 1993ರಲ್ಲಿ ಮಾರುತಿಯವರು ಎಡಬಲ ಅಂತರವನ್ನು 90 ಮಿಲಿಮೀಟರ್ ಹೆಚ್ಚಿಸಿ 'ವೈಡ್ ಟ್ರ್ಯಾಕ್' ಜಿಪ್ಸಿ ತಂದರು. ಆದರೆ ಅವರು ಅದನ್ನು ಬಿಲ್ಲೆ ಇಟ್ಟು ಅಗಲ ಮಾಡಲಿಲ್ಲ, ಆಕ್ಸಲನ್ನೇ ಅಗಲ ಮಾಡಿದರು. ಆ ವ್ಯತ್ಯಾಸ ಏಕೆ ಮುಖ್ಯ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಿನಗೆ ಸ್ಪೇಸರ್ ಬೇಕೆನಿಸಿದ್ದು ಒಂದು ಪಕ್ಕಕ್ಕೆ ವಾಲಿದ ದಾರಿಯಲ್ಲಿ ಹೆದರಿಕೆಯಾಯಿತು ಎಂದಲ್ಲವೇ? ಹಾಗಾದರೆ ಈ 60 ಮಿಲಿಮೀಟರ್ ಎಷ್ಟು ಧೈರ್ಯ ಕೊಡುತ್ತದೆ, ಲೆಕ್ಕ ಹಾಕಿ ನೋಡು. ಗಾಡಿ ಮಗುಚುವುದು ಅದರ ತೂಕದ ಮಧ್ಯಬಿಂದು ಕೆಳಬದಿಯ ಚಕ್ರವನ್ನು ದಾಟಿ ಹೊರಗೆ ಹೋದಾಗ. ಆ ಮಧ್ಯಬಿಂದು ನೆಲದಿಂದ 700 ಮಿಲಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೋ. ಅರ್ಧ ಅಗಲವೂ 700. ಕಾಗದದ ಮೇಲೆ ಗಾಡಿ ಮಗುಚುವ ಕೋನ 45 ಡಿಗ್ರಿ ಆಯಿತು. ಸ್ಪೇಸರ್ ಹಾಕಿದರೆ ಅರ್ಧ ಅಗಲ 730 ಆಗುತ್ತದೆ, ಕೋನ 46 ಡಿಗ್ರಿ ದಾಟುತ್ತದೆ. ನಿನಗೆ ಸಿಕ್ಕಿದ್ದು ಒಂದು ಡಿಗ್ರಿ, ಅದರ ಮೇಲೆ ಚೂರು. ಸ್ಪ್ರಿಂಗು ಕುಗ್ಗುತ್ತದೆ, ಟೈರು ಅದುಮಿಕೊಳ್ಳುತ್ತದೆ, ಹಾಗಾಗಿ ನಿಜವಾದ ದಾರಿಯಲ್ಲಿ ಈ ಕೋನಗಳೆಲ್ಲ ಇನ್ನೂ ಕಡಿಮೆಯೇ. ಈಗ ಕೆಳಬದಿಯ ಚಕ್ರ 150 ಮಿಲಿಮೀಟರ್ ಆಳದ ಒಂದು ಕೊರಕಲಿಗೆ ಇಳಿಯಿತು ಎನ್ನು. ಗಾಡಿ ಆ ಕ್ಷಣಕ್ಕೆ 6 ಡಿಗ್ರಿ ಹೆಚ್ಚು ವಾಲುತ್ತದೆ. ಮಳೆ ನೀರು ಕೊರೆದ ನಮ್ಮ ತೋಟದ ದಾರಿಗಳಲ್ಲಿ ಅಂಥ ಕೊರಕಲು ಎಷ್ಟಿವೆ ಎಂದು ನಿನಗೇ ಗೊತ್ತು. ಅಲ್ಲಿ ನಿನ್ನನ್ನು ಕಾಯುವುದು ಇಳಿದು ನಡೆದು ದಾರಿ ನೋಡಿಕೊಂಡು ಬರುವ ತಾಳ್ಮೆ, ಸ್ಪೇಸರ್ ಅಲ್ಲ.

ಇನ್ನೊಂದು ಮಾತು. ಸ್ಪೇಸರ್ ಒಂಟಿಯಾಗಿ ಬರುವುದು ಅಪರೂಪ. ಮೊದಲು ಎತ್ತರದ ಸ್ಪ್ರಿಂಗ್ ಬರುತ್ತದೆ, ಆಮೇಲೆ ದೊಡ್ಡ ಟೈರು, ಆಮೇಲೆ ಮಾಡಿನ ಮೇಲೊಂದು ಕ್ಯಾರಿಯರ್, ಅದರ ಮೇಲೆ ಟೆಂಟು, ಪೆಟ್ರೋಲ್ ಕ್ಯಾನು, ಸ್ಟೆಪ್ನಿ. "ಎತ್ತರ ಆಯ್ತಲ್ಲ, ಸ್ಪೇಸರ್ ಹಾಕಿದ್ರೆ ಸರಿಹೋಗುತ್ತೆ" ಎಂದು ಅಂಗಡಿಯವರು ಹೇಳುತ್ತಾರೆ. ಸರಿಹೋಗುವುದಿಲ್ಲ. ಇಷ್ಟೆಲ್ಲ ಸೇರಿ ಮಧ್ಯಬಿಂದು 50 ಮಿಲಿಮೀಟರ್ ಏರಿದರೆ ಮೊದಲಿನ 45 ಡಿಗ್ರಿ 43ಕ್ಕೆ ಇಳಿಯುತ್ತದೆ. 30ರ ಸ್ಪೇಸರ್ ಅದನ್ನು 44ಕ್ಕೆ ತರುತ್ತದೆ. ಕಂಪನಿಯಿಂದ ಬಂದಾಗ ಇದ್ದ ಜಾಗಕ್ಕೂ ನೀನು ಮುಟ್ಟಲಿಲ್ಲ, ದುಡ್ಡು ಮಾತ್ರ ಎರಡು ಸಲ ಕೊಟ್ಟೆ. ಮಾಡಿನ ಮೇಲಿನ ಹೊರೆಯನ್ನು ಸೀಟಿನ ಹಿಂದಕ್ಕೆ ಇಳಿಸು. ಸ್ಪೇಸರ್ ಕೊಡುವುದಕ್ಕಿಂತ ಹೆಚ್ಚಿನದು ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ.

ಹಾಗೆಂದು ಸ್ಪೇಸರ್ ಕೆಲಸಕ್ಕೆ ಬಾರದ ವಸ್ತು ಎಂದು ನಾನು ಹೇಳುವುದಿಲ್ಲ. ಅಗಲದ ಟೈರು ಹಾಕಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿನ ಒಳಗೋಡೆ ಮುಂದಿನ ರೇಡಿಯಸ್ ಆರ್ಮಿಗೆ ಉಜ್ಜುವುದು ಜಿಮ್ನಿಯಲ್ಲಿ ಇರುವ ತೊಂದರೆಯೇ. ಚಕ್ರ ಸ್ವಲ್ಪ ಹೊರಗೆ ಬಂದರೆ ಆ ಉಜ್ಜಾಟ ನಿಲ್ಲುತ್ತದೆ. ಚಳಿಗಾಲದಲ್ಲಿ ಸ್ಪಿತಿ ಕಡೆ ಹೋಗುವವರಿಗೆ ಹಿಮದ ಚೈನು ಕಟ್ಟಲು ಒಳಗಡೆ ಜಾಗ ಬೇಕಾಗುತ್ತದೆ. ಜರ್ಮನಿಯ ಪೋರ್ಶೆ ಕಂಪನಿ ತನ್ನ ಕೆಲವು ಕಾರುಗಳಿಗೆ ತಾನೇ ಸ್ಪೇಸರ್ ಮಾರುತ್ತದೆ, ಅದಕ್ಕೆ ತಕ್ಕ ಉದ್ದದ ಬೋಲ್ಟುಗಳ ಜೊತೆಗೆ. ಅಂದರೆ ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಕೂರಿಸಿದರೆ ಅದು ಕೂರುತ್ತದೆ. ಇನ್ನು ಚಕ್ರ ಹೊರಗೆ ಬಂದ ಗಾಡಿ ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ ಎಂಬ ಆಸೆ. ಅದರಲ್ಲೂ ತಪ್ಪಿಲ್ಲ, ಆದರೆ ಆಸೆಯನ್ನು ಅವಶ್ಯಕತೆ ಎಂದು ಕರೆಯಬೇಡ.

ಈಗ ಅದಕ್ಕೆ ಗಾಡಿ ತೆರುವ ಬೆಲೆಯ ವಿಷಯ. ಚಕ್ರವನ್ನು ಹೊತ್ತಿರುವುದು ಹಬ್ಬಿನಿಂದ ಹೊರಚಾಚಿದ, ನಟ್ ಕೂರುವ ಸ್ಟಡ್ಡುಗಳು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಸ್ಟಡ್ಡಿನ ಕೆಲಸ ಎಳೆದು ಹಿಡಿಯುವುದು ಮಾತ್ರ. ನಟ್ ಬಿಗಿಯಾದಾಗ ಸ್ಟಡ್ ಒಂದು ಕೂದಲೆಳೆಯಷ್ಟು ಹಿಗ್ಗಿ ರಿಮ್ಮನ್ನು ಹಬ್ಬಿಗೆ ಒತ್ತುತ್ತದೆ. ಆ ಒತ್ತಡದಿಂದ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಗಾಡಿಯ ಭಾರವನ್ನೂ ಬ್ರೇಕಿನ ಎಳೆತವನ್ನೂ ತಡೆದುಕೊಳ್ಳುವುದು. ನಟ್ ಸಡಿಲವಾಯಿತೋ, ರಿಮ್ ಕೂದಲಷ್ಟು ಅತ್ತಿತ್ತ ಸರಿಯಲು ಶುರುವಾಗುತ್ತದೆ, ಸ್ಟಡ್ಡು ಚಕ್ರ ಸುತ್ತಿದ ಪ್ರತಿ ಸಲವೂ ಬಾಗುತ್ತದೆ. ಉಕ್ಕು ಎಳೆತವನ್ನು ತಾಳುತ್ತದೆ, ಆದರೆ ಲಕ್ಷಾಂತರ ಸಲ ಬಾಗುವುದನ್ನು ತಾಳುವುದಿಲ್ಲ.

ಒಂದು ಗರಾಜಿನಲ್ಲಿ, ಸ್ಪೇಸರ್ ಹಾಕಿಸಿ ಮುಂದಿನ ಚಕ್ರ ಕಳಚಿ ಬಿದ್ದ ಜೀಪೊಂದರ ಹಬ್ಬನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ತುಂಡಾದ ಸ್ಟಡ್ಡಿನ ಬಾಯಿಯನ್ನು ಬೆಳಕಿಗೆ ಹಿಡಿದರೆ ಮುಕ್ಕಾಲು ಭಾಗ ನುಣುಪು, ಅದರ ಮೇಲೆ ಒಂದರ ಹಿಂದೆ ಒಂದು ಬಾಗಿದ ಸಣ್ಣ ಗೆರೆಗಳು. ಕೊನೆಯ ಕಾಲು ಭಾಗ ಮಾತ್ರ ಒರಟು, ಬೂದು ಬಣ್ಣ. ಆ ನುಣುಪಾದ ಭಾಗ ಎಷ್ಟೋ ದಿನದಿಂದ ಸ್ವಲ್ಪ ಸ್ವಲ್ಪವಾಗಿ ಸೀಳುತ್ತ ಬಂದಿತ್ತು. ಒರಟು ಭಾಗ ಒಂದೇ ಕ್ಷಣದಲ್ಲಿ ಹರಿದಿತ್ತು. ಸ್ಪೇಸರಿನ ಹಿಂಬದಿಯಲ್ಲಿ ಕಪ್ಪು ಪುಡಿ ಅಂಟಿತ್ತು, ಎರಡು ಲೋಹಗಳು ಉಜ್ಜಾಡಿದ ಗುರುತು. ಅಷ್ಟು ದಿನ ಓಡಿಸಿದವರಿಗೆ ಅದರ ಸುಳಿವೇ ಸಿಕ್ಕಿರಲಿಲ್ಲ. ಯಾಕೆಂದರೆ ಸ್ಪೇಸರನ್ನು ಹಬ್ಬಿಗೆ ಬಿಗಿದ ಒಳಗಿನ ನಟ್ಟುಗಳು ರಿಮ್ಮಿನ ಹಿಂದೆ ಅಡಗಿರುತ್ತವೆ. ಚಕ್ರ ಬಿಚ್ಚದೆ ಅವು ಕಾಣುವುದಿಲ್ಲ.

ಸ್ಪೇಸರಿನ ಮೇಲೆ ನನಗಿರುವ ದೊಡ್ಡ ಆಕ್ಷೇಪವೇ ಇದು. ಒಂದು ಜೋಡಣೆ ಇದ್ದ ಕಡೆ ಎರಡಾಗುತ್ತದೆ, ಅದರಲ್ಲಿ ಒಂದು ಕಣ್ಣಿಗೆ ಬೀಳುವುದಿಲ್ಲ. ಐದು ನಟ್ಟಿನ ಬದಲು ಪ್ರತಿ ಚಕ್ರಕ್ಕೂ ಹತ್ತು ನಟ್ಟನ್ನು ನಂಬಬೇಕು. ಆಕ್ಸಲನ್ನೇ ಅಗಲ ಮಾಡಿದ ಜಿಪ್ಸಿಯಲ್ಲಿ ಈ ಎರಡನೆಯ ಜೋಡಣೆ ಇರಲಿಲ್ಲ, ಆಗ ಹೇಳಿದ ವ್ಯತ್ಯಾಸ ಅದೇ.

ಬೇರಿಂಗಿನ ಕಥೆ ಬೇರೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವುದಕ್ಕೂ ಅದೇ ಕೊಡವನ್ನು ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ, ಚಕ್ರ ಹೊರಗೆ ಸರಿದಾಗ ಹಬ್ಬಿನ ಬೇರಿಂಗಿಗೂ ಅಷ್ಟೇ ವ್ಯತ್ಯಾಸ. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವುದರ ಮೇಲೆ ತಿರುಗುತ್ತದೋ ಆ ಕಿಂಗ್‌ಪಿನ್ ಬೇರಿಂಗಿಗೂ ಇದೇ ಗತಿ. ಕಿಂಗ್‌ಪಿನ್ನಿನ ಗೆರೆ ನೆಲ ಮುಟ್ಟುವ ಜಾಗದಿಂದ ಟೈರಿನ ನಡುಭಾಗ 30 ಮಿಲಿಮೀಟರ್ ಹೊರಗೆ ಸರಿಯುವುದರಿಂದ ಕಲ್ಲಿಗೆ ಚಕ್ರ ಬಡಿದಾಗ ಸ್ಟೇರಿಂಗ್ ಹೆಚ್ಚು ಜೋರಾಗಿ ಒದೆಯುತ್ತದೆ. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಅಂಟುಮಣ್ಣಿನಲ್ಲಿದ್ದಾಗ ಬ್ರೇಕ್ ತುಳಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸ್ಪೇಸರ್ ಇರಲಿ ಬಿಡಲಿ, ಕಲ್ಲುದಾರಿಯಲ್ಲಿ ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸುತ್ತಿ ಹಿಡಿಯಬೇಡ, ಹೊರಗೇ ಇಟ್ಟುಕೋ.

ಬೇರಿಂಗಿಗೂ ಸ್ಟೇರಿಂಗಿಗೂ ಆಗುವ ಈ ತೊಂದರೆ ಆಫ್‌ಸೆಟ್ ಕಡಿಮೆ ಇರುವ, ಅಂದರೆ ತಾನೇ ಚಕ್ರವನ್ನು ಹೊರಗೆ ತರುವ ರಿಮ್ ಹಾಕಿದರೂ ಅಷ್ಟೇ ಆಗುತ್ತದೆ, ಅದನ್ನು ಮುಚ್ಚಿಡಬಾರದು. ಆದರೆ ರಿಮ್ ಒಂದೇ ತುಂಡು. ಎರಡನೆಯ ಜೋಡಣೆ ಇಲ್ಲ, ಅಡಗಿದ ನಟ್ಟಿಲ್ಲ. ಹಾಗಾಗಿ ಟೈರು ಉಜ್ಜುತ್ತದೆ ಎಂಬುದೇ ನಿನ್ನ ತೊಂದರೆಯಾದರೆ ತಕ್ಕ ರಿಮ್ ಕೊಳ್ಳುವುದು ಲೇಸು.

ಮಲೆನಾಡಿನ ದಾರಿಯದೇ ಒಂದು ಮಾತಿದೆ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನರನ್ನು ಹತ್ತಿಸುವ ಜೀಪುಗಳು ಮತ್ತೆ ಮತ್ತೆ ಓಡಿ ಕೊರೆದ ಜಾಡು ನೋಡಿದ್ದೀಯಲ್ಲ. ಆ ಜಾಡು ಜೀಪಿನ ಅಗಲಕ್ಕೇ ಬಿದ್ದಿರುತ್ತದೆ. ಅಳತೆ ಮೀರಿ ಅಗಲವಾದ ಗಾಡಿಯ ಟೈರು ಜಾಡಿನ ಅಂಚಿಗೆ ಹತ್ತಿ ಹತ್ತಿ ಜಾರುತ್ತದೆ, ಟೈರಿನ ಪಕ್ಕದ ಗೋಡೆ ಕಲ್ಲಿಗೆ ಕೊಯ್ದುಕೊಳ್ಳುತ್ತದೆ. ಒಂದು ಕಡೆ ದರೆ, ಇನ್ನೊಂದು ಕಡೆ ಕಣಿವೆ ಇರುವ ದಾರಿಯಲ್ಲಿ ಜಿಮ್ನಿಯ ಕಿರಿದಾದ ಮೈಯೇ ದೊಡ್ಡ ಅನುಕೂಲ. 1645 ಮಿಲಿಮೀಟರ್ ಅಗಲದ ಗಾಡಿ ಎಂದೇ ತಾನೇ ನೀನು ಅದನ್ನು ಆರಿಸಿಕೊಂಡಿದ್ದು?

ಕಾನೂನನ್ನೂ ತಿಳಿದುಕೋ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಿಮಾ ಕಂಪನಿಯನ್ನು ಮೊದಲೇ ಬರಹದಲ್ಲಿ ಕೇಳು. ಅಪಘಾತವಾದ ಮೇಲೆ ಕೇಳಿದರೆ ಅವರ ಉತ್ತರ ಬೇರೆಯಾಗಿರುತ್ತದೆ.

ಇಷ್ಟು ಓದಿಯೂ ಬೇಕೇ ಬೇಕು ಎನಿಸಿದರೆ ಸರಿಯಾದದ್ದನ್ನೇ ಹಾಕಿಸು. ಹಬ್ಬಿನ ಸ್ಟಡ್ಡಿಗೆ ಸುಮ್ಮನೆ ತೂರಿಸುವ ತೆಳು ಬಿಲ್ಲೆ ಬೇಡ. ಅದು ಸ್ಟಡ್ಡಿನ ಉದ್ದವನ್ನು ತಿಂದು ನಟ್ಟಿಗೆ ಥ್ರೆಡ್ ಉಳಿಸುವುದಿಲ್ಲ. ಜಿಮ್ನಿಯ ಸ್ಟಡ್ 12 ಮಿಲಿಮೀಟರಿನದು, ಥ್ರೆಡ್ ಅಂತರ 1.25. ನಟ್ ಕನಿಷ್ಠ ಒಂಬತ್ತು ಹತ್ತು ಸುತ್ತು ಒಳಗೆ ಹೋಗಬೇಕು. ಹಬ್ಬಿಗೆ ಬೇರೆಯಾಗಿ ಬೋಲ್ಟ್ ಆಗುವ, ತನ್ನದೇ ಸ್ಟಡ್ಡಿರುವ ಸ್ಪೇಸರ್ ಬೇಕು. ಅದು ಎರಕ ಹೊಯ್ದದ್ದಾಗಿರಬಾರದು, 6061 ಅಥವಾ 7075 ದರ್ಜೆಯ ಗಟ್ಟಿ ಅಲ್ಯೂಮಿನಿಯಂನಿಂದ ಕಡೆದದ್ದಾಗಿರಬೇಕು. ನಡುವಣ ತೂತು ನಿನ್ನ ಹಬ್ಬಿನ 108 ಮಿಲಿಮೀಟರಿಗೆ ಅಲುಗಾಡದೆ ಕೂರಬೇಕು. "ಐದು ಸ್ಟಡ್ಡು, 139.7, ಆಗುತ್ತೆ ಬಿಡಿ" ಎಂದು ಬೇರೆ ಗಾಡಿಯದನ್ನು ಕೊಟ್ಟರೆ ತೆಗೆದುಕೊಳ್ಳಬೇಡ. ಸ್ಟಡ್ಡುಗಳ ವೃತ್ತ ಒಂದೇ ಇದ್ದರೂ ನಡುವಣ ತೂತೂ ಥ್ರೆಡ್ಡೂ ಬೇರೆ ಇರುತ್ತವೆ.

ಕೂರಿಸುವ ಮೊದಲು ಹಬ್ಬಿನ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ ತುಕ್ಕು, ಮಣ್ಣು, ಬಣ್ಣ ಎಲ್ಲ ತೆಗೆಸು. ತುಕ್ಕಿನ ಪುಡಿ ನಡುವೆ ಸಿಕ್ಕಿದರೆ ನಾಳೆ ಅದು ಉದುರಿ ನಟ್ ಸಡಿಲವಾಗುತ್ತದೆ. ಥ್ರೆಡ್ಡಿಗೆ ಗ್ರೀಸ್ ಬಳಿಯಲು ಬಿಡಬೇಡ, ಬಳಿದರೆ ಅದೇ ಟಾರ್ಕಿಗೆ ಸ್ಟಡ್ ಅಳತೆ ಮೀರಿ ಹಿಗ್ಗುತ್ತದೆ. ಗಾಳಿ ಗನ್ನಿನಲ್ಲಿ ಗರ್ರೆನಿಸಿ ಮುಗಿಸುವವರನ್ನು ನಿಲ್ಲಿಸಿ, ಟಾರ್ಕ್ ರೆಂಚ್‌ನಲ್ಲಿ ಎದುರುಬದುರಾಗಿ ಬಿಗಿಸು ಎಂದು ಹೇಳು. ಜಿಮ್ನಿಯ ವೀಲ್ ನಟ್ಟಿಗೆ 100 ನ್ಯೂಟನ್ ಮೀಟರ್. ಸ್ಪೇಸರಿನ ಒಳನಟ್ಟಿಗೆ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದು. ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಚಕ್ರ ಬಿಚ್ಚಿ ಒಳನಟ್ಟನ್ನು ಮತ್ತೆ ಪರೀಕ್ಷಿಸಬೇಕು, ಆಮೇಲೆ ಪ್ರತಿ ದೊಡ್ಡ ಓಡಾಟದ ನಂತರವೂ. ಈ ಕೆಲಸಕ್ಕೆ ಬೇಸರ ಬರುತ್ತದೆ ಎನ್ನುವುದಾದರೆ ಸ್ಪೇಸರ್ ಹಾಕಿಸಲೇಬೇಡ.

ನಿನ್ನ ಗಾಡಿಗೆ ಈಗಿರುವುದು ಕಂಪನಿಯ 195ರ ಟೈರು. ಅದು ಎಲ್ಲೂ ಉಜ್ಜುತ್ತಿಲ್ಲ. ಹಾಗಾಗಿ ಸದ್ಯಕ್ಕೆ ಬೇಡ ಎಂಬುದೇ ನನ್ನ ಮಾತು. ಸ್ಪೇಸರಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ಟಾರ್ಕ್ ರೆಂಚು, ಗಾಳಿ ಇಳಿಸಿ ಮತ್ತೆ ತುಂಬಲು ಒಂದು ಸಣ್ಣ ಕಂಪ್ರೆಸರು ತೆಗೆದುಕೋ. ಕೆಸರಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಸಿಗುವ ಹಿಡಿತವನ್ನು ಯಾವ ಸ್ಪೇಸರೂ ಕೊಡುವುದಿಲ್ಲ. ಮುಂದಿನ ಸಲ ಬಂದಾಗ ಮುಂದಿನ ಚಕ್ರಗಳನ್ನು ಜ್ಯಾಕ್ ಮೇಲೆತ್ತಿ ಬೇರಿಂಗಿನಲ್ಲಿ ಆಟ ಇದೆಯೇ ಎಂದು ಇಬ್ಬರೂ ಸೇರಿ ನೋಡೋಣ. ಮೇಲೆ ಕೆಳಗೆ ಹಿಡಿದು ಅಲುಗಾಡಿಸುವುದು ಹೇಗೆಂದು ತೋರಿಸಿಕೊಡುತ್ತೇನೆ. ಅದನ್ನು ನೀನೇ ಕಲಿತರೆ ಬೆಂಗಳೂರಿನ ಗರಾಜಿನವರು ಏನು ಹೇಳಿದರೂ ನಿನಗೆ ಅಳೆಯಲು ಬರುತ್ತದೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು. ಬರುವಾಗ ಶಿರಾಡಿ ಘಾಟಿಯ ಕಡೆ ಮಳೆ ಹೇಗಿದೆ ಎಂದು ಕೇಳಿಕೊಂಡು ಹೊರಡು.

ಇಂತಿ,
ನಿನ್ನ ಸೋದರಮಾವ