ಚೌಕಟ್ಟು ಹಾಕಿಸುವ ಮುನ್ನ

ಮಗೂ, ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಸೀಮೆಯ ಹಳೆಯ ಟೋಪೋ ನಕ್ಷೆ ಸಿಕ್ಕಿತೆಂದು ಫೋಟೋ ಕಳಿಸಿದ್ದೀಯ. ನನಗೂ ಹಿಗ್ಗಾಯಿತು. ಗಾಜು ಹಾಕಿಸಿ ಗೋಡೆಗೇರಿಸುವ ಮುನ್ನ ಒಂದು ಸಂಜೆ ಅದನ್ನು ಮೇಜಿನ ಮೇಲೆ ಹರವಿ, ಭೂತಗನ್ನಡಿ ಹಿಡಿದು ಓದು.

ಮೊದಲು ಅಂಚನ್ನು ಓದು. ಕೆಳಗೆ ಬಲಮೂಲೆಯಲ್ಲಿ ಹೆಸರಿನ ಜೊತೆ ಇಸವಿ ಇರುತ್ತದೆ, ಅಷ್ಟಕ್ಕೇ ನಿಲ್ಲಬೇಡ. ವಿಮಾನದಿಂದ ಫೋಟೋ ತೆಗೆದದ್ದು ಯಾವಾಗ, ಸರ್ವೆಯವರು ನೆಲದ ಮೇಲೆ ತಾಳೆ ನೋಡಿದ್ದು ಯಾವಾಗ ಎಂಬುದು ಎಡಗಡೆ ಸಣ್ಣಕ್ಷರದಲ್ಲಿರುತ್ತದೆ. ನೇರಳೆ ಬಣ್ಣದಲ್ಲಿ ರಸ್ತೆಯೋ ಕಟ್ಟಡವೋ ಕಂಡರೆ, ಅದು ಆಮೇಲೆ ಫೋಟೋ ನೋಡಿ ಸೇರಿಸಿದ್ದು.

ಇನ್ನು ನಕ್ಷೆಯ ಒಳಗೆ ಬಾ. ಕೆಂಪು ಅಂಕಿಗಳು ಸೆಕ್ಷನ್‌ಗಳವು. ಒಂದೊಂದೂ ಒಂದು ಚದರ ಮೈಲಿ, 640 ಎಕರೆ. 36 ಸೆಕ್ಷನ್‌ಗಳ ಒಂದೊಂದು ಗುಂಪಿನಲ್ಲೂ ಅಂಕಿಗಳು ಈಶಾನ್ಯ ಮೂಲೆಯಲ್ಲಿ 1 ಎಂದು ಶುರುವಾಗಿ, ನೇಗಿಲು ಕಟ್ಟಿದ ಎತ್ತು ಸಾಲಿನ ಕೊನೆಗೆ ತಿರುಗಿದ ಹಾಗೆ ಅತ್ತಿಂದಿತ್ತ ತಿರುಗುತ್ತಾ 36ಕ್ಕೆ ಮುಗಿಯುತ್ತವೆ. 1904ರ ಕಿಂಕೇಡ್ ಕಾಯಿದೆ ಅಲ್ಲಿ ನೆಲೆಸಲು ಬಂದವರಿಗೆ ಅಂಥ ಒಂದು ಸೆಕ್ಷನ್ನಿನಷ್ಟು ನೆಲ ಕೊಟ್ಟಿತು. ಮರಳುನೆಲದಲ್ಲಿ ಬೆಳೆ ಕೈಗೆ ಹತ್ತಲಿಲ್ಲ. ಬಹಳ ಜನ ಪಕ್ಕದ ರ‍್ಯಾಂಚಿನವರಿಗೆ ಮಾರಿ ಹೊರಟುಹೋದರು. ಸುತ್ತ ಒಂದೂ ಮನೆಯಿಲ್ಲದ ಕಡೆ ಬಾವುಟ ಹೊತ್ತ ಪುಟ್ಟ ಕಪ್ಪು ಚೌಕ ಕಂಡರೆ ಬೆರಳು ಅಲ್ಲೇ ನಿಲ್ಲಲಿ. ಅದು ಶಾಲೆ. ಅಲ್ಲಿಗೆ ಮಕ್ಕಳು ಯಾವ ದಿಬ್ಬದಾಚೆಯಿಂದ ಬರುತ್ತಿದ್ದರೋ ಎಂದು ನಾನು ಎಷ್ಟೋ ಹೊತ್ತು ಹುಡುಕಿದ್ದೇನೆ.

ನನಗೆ ಎಲ್ಲಕ್ಕಿಂತ ಇಷ್ಟ ಗಾಳಿಯಂತ್ರಗಳು. ಕಂದು ಬಣ್ಣದ ಸಮೋನ್ನತ ರೇಖೆಗಳು ಸುತ್ತಿಸುತ್ತಿ ಮರಳುದಿಬ್ಬಗಳನ್ನು ತೋರಿಸುವ ನಡುವೆ ಚಿಕ್ಕದೊಂದು ಗುರುತು, ಪಕ್ಕದಲ್ಲಿ ಹೆಸರು. ಕೆಳಗೆ ಓಗಲಾಲ ಅಂತರ್ಜಲ, ಮೇಲೆ ದನಗಳ ತೊಟ್ಟಿ. ಒಂದು ಗಾಳಿಯಂತ್ರದಿಂದ ಇನ್ನೊಂದಕ್ಕೆ ಬೆರಳಾಡಿಸಿದರೆ ದನ ಎಲ್ಲೆಲ್ಲಿ ಮೇಯುತ್ತಿತ್ತು ಎಂಬುದು ತಿಳಿಯುತ್ತದೆ. ಅಲ್ಲಿ ಬದುಕು ನಿಂತಿದ್ದೇ ನೀರಿನ ಮೇಲೆ; ನಕ್ಷೆ ಮಾಡಿದವರು ಅದನ್ನರಿತು ಒಂದೊಂದನ್ನೂ ಗುರುತಿಸಿದ್ದಾರೆ.

ಹರಿದ ಮಡಿಕೆಗೆ ಸೆಲೋಟೇಪ್ ಮಾತ್ರ ಅಂಟಿಸಬೇಡ, ಕಾಗದ ಹಳದಿಯಾಗುತ್ತದೆ. ಆ ಸೀಮೆಗೆ ಹೋಗುವ ಮನಸ್ಸಾದರೆ ಮೂಲ ಪ್ರತಿ ಮನೆಯಲ್ಲಿರಲಿ. ಅಮೆರಿಕದ ಭೂವೈಜ್ಞಾನಿಕ ಸರ್ವೆ ಹಳೆಯ ನಕ್ಷೆಗಳ ಸ್ಕ್ಯಾನ್ ಪ್ರತಿಗಳನ್ನು ಉಚಿತವಾಗಿ ಕೊಡುತ್ತದೆ. ಕಾಂತೀಯ ಉತ್ತರ ವರ್ಷವರ್ಷವೂ ಸರಿಯುವುದರಿಂದ ಅಂಚಿನ ಹಳೆಯ ಕೋನಕ್ಕೆ ದಿಕ್ಸೂಚಿ ಹೊಂದಿಸಬೇಡ. ಹೆಚ್ಚಿನ ನೆಲ ಖಾಸಗಿ, ರ‍್ಯಾಂಚಿನವರನ್ನು ಕೇಳಿಯೇ ಒಳಗೆ ಹೋಗು. ದಾರಿಯಲ್ಲಿ ಗೇಟು ಮುಚ್ಚಿದ್ದರೆ, ದಾಟಿದ ಮೇಲೆ ಮುಚ್ಚಿ ಬಾ.